ಪಾತ್ರಕ್ರೀಡೆಯ ನಿಯಮಗ್ರಂಥಗಳೂ ಅವುಗಳ ಸ್ವಗೃಹರಕ್ಷಣೆಯೂ

ಪಾಶ್ಚಾತ್ಯ ದೇಶಗಳಲ್ಲಿ, ವಿಶೇಷತಃ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ, ನಾಲ್ಕಾರು ಮಂದಿ ಮೇಜಿನ ಸುತ್ತಲೂ ಕುಳಿತು ಆಡುವ ‘ರೋಲ್ ಪ್ಲೇಯಿಂಗ್’ ಎಂಬ ವಿನೋದವೊಂದು ಅರ್ಧ ಶತಮಾನಕ್ಕೂ ಮಿಕ್ಕು ಪ್ರಚಾರದಲ್ಲಿದೆ. ಆಡುವವರಲ್ಲಿ ಪ್ರತಿಯೊಬ್ಬನೂ ಒಂದೊಂದು ಪಾತ್ರವನ್ನು ವಹಿಸಿಕೊಳ್ಳುವುದರಿಂದ ಇದನ್ನು ಪಾತ್ರಕ್ರೀಡೆಯೆಂದು ಕರೆಯಬಹುದು. ಚದುರಂಗ ಪಗಡೆಗಳಿಗಿರುವಂತೆ ಹಾಸು ಇದಕ್ಕೆ ಅವಶ್ಯವಲ್ಲ, ಸೋಲುಗೆಲುವುಗಳೂ ಮುಖ್ಯವಲ್ಲ. ಒಬ್ಬನು ಮಧ್ಯಸ್ಥನಾಗಿ ಕಥೆಯ ಸನ್ನಿವೇಶವನ್ನು ವರ್ಣಿಸುತ್ತಾನೆ. ಉಳಿದವರು ತಂತಮ್ಮ ಪಾತ್ರಗಳು ಏನು ಮಾಡುವುವೆಂಬುದನ್ನು ಬಾಯಿಂದಲೇ ಹೇಳುತ್ತಾರೆ. ಕಾರ್ಯವು ಸಿದ್ಧಿಸಿತೋ ಇಲ್ಲವೋ ಎಂಬ ಸಂಶಯವುಂಟಾದಲ್ಲಿ ದಾಳವನ್ನುರುಳಿಸಿ, ನಿಯಮಗ್ರಂಥವನ್ನು ತೆಗೆದು ನೋಡಿ ನಿರ್ಣಯಿಸುತ್ತಾರೆ. ಆದಕಾರಣ ಈ ಕ್ರೀಡೆಗೆ ಹಾಸಿನ ಸ್ಥಾನದಲ್ಲಿರುವುದು ಗ್ರಂಥವೇ. ಗ್ರಂಥವಿಲ್ಲದಿದ್ದರೆ ಆಟವಿಲ್ಲ.

ಆಟವೆಂಬ ಮಾತ್ರಕ್ಕೆ ಇದನ್ನು ಉಪೇಕ್ಷಿಸುವವರುಂಟು. ಆದರೆ ಗ್ರಂಥವೊಂದು ಹುಟ್ಟುವುದು, ಪಾಠಾಂತರಗಳನ್ನು ಪಡೆಯುವುದು, ಒಡೆಯನ ಕೈಯಿಂದ ಜನರ ಕೈಗೆ ಬರುವುದು, ಮತ್ತೆ ಒಡೆಯನು ಅದನ್ನು ಹಿಂದಕ್ಕೆ ಸೆಳೆಯಲೆಳಸುವುದು, ಕಡೆಗೆ ಓದುಗರೇ ತಮ್ಮ ಮನೆಗಳಲ್ಲಿ ಅದರ ಪ್ರತಿಯನ್ನಿಟ್ಟು ಕಾಪಾಡಿಕೊಳ್ಳುವುದು, ಇವೆಲ್ಲವೂ ಐವತ್ತೇ ವರ್ಷಗಳೊಳಗೆ ನಡೆದಿರುವ ನಿದರ್ಶನ ಇದರಂತೆ ಮತ್ತೊಂದು ದೊರೆಯುವುದು ದುರ್ಲಭ. ಗ್ರಂಥಸಂಪಾದನೆಯಲ್ಲಿ ಆಸಕ್ತಿಯುಳ್ಳವರಿಗೆ ಈ ಚರಿತ್ರೆಯು ಅನುಪಯುಕ್ತವಾಗಲಾರದು.

ಈ ಕ್ರೀಡೆಯ ಮೂಲವನ್ನು ಪ್ರಷ್ಯಾ ದೇಶದ ಸೇನಾಶಿಕ್ಷಣದಲ್ಲಿ ಹುಡುಕಬೇಕು. ಫಾನ್ ರೈಸ್ವಿಟ್ಸ್ ಎಂಬ ಪ್ರಭುವು ೧೮೧೨ರಲ್ಲಿ ಯುದ್ಧವನ್ನನುಕರಿಸುವ ಕ್ರೀಡೆಯೊಂದನ್ನು ರಚಿಸಿ ದೊರೆ ಮೂರನೆಯ ಫ್ರೆಡ್ರಿಕ್ ವಿಲ್ಹೆಲ್ಮನಿಗೆ ಒಪ್ಪಿಸಿದನು. ಅವನ ಮಗನೂ ಸೈನ್ಯಾಧಿಕಾರಿಯೂ ಆಗಿದ್ದ ಕಿರಿಯ ರೈಸ್ವಿಟ್ಸನು ಅದನ್ನು ಪರಿಷ್ಕರಿಸಿ ೧೮೨೪ರಲ್ಲಿ ನಿಯಮಗಳನ್ನು ಅಚ್ಚು ಹಾಕಿಸಿದನು. ಭೂಪಟದ ಮೇಲೆ ಕೆಂಪು ನೀಲಿ ತುಂಡುಗಳನ್ನು ನಡೆಯಿಸುವುದು, ಒಂದೊಂದು ನಡೆಗೆ ಎರಡು ನಿಮಿಷಗಳ ಕಾಲವನ್ನು ಎಣಿಸುವುದು, ಗಾಯ ಮರಣಗಳನ್ನು ದಾಳದಿಂದ ನಿರ್ಧರಿಸುವುದು, ಉಭಯ ಪಕ್ಷದವರೂ ತಮ್ಮ ಉದ್ದೇಶವನ್ನು ನಡುವೆ ಕುಳಿತ ಮಧ್ಯಸ್ಥನಿಗೆ ತಿಳಿಸುವುದು, ಇವು ಅದರ ಲಕ್ಷಣಗಳು. ಸೈನ್ಯದ ಮುಖ್ಯಾಧಿಕಾರಿಯಾಗಿದ್ದ ಮುಫ್ಲಿಂಗನು ಮೊದಲು ಉದಾಸೀನನಾಗಿದ್ದು, ಆಟವು ನಡೆದಂತೆಲ್ಲ ಇದು ಆಟವಲ್ಲ, ಯುದ್ಧಶಿಕ್ಷಣವೇ ಎಂದು ಮೆಚ್ಚಿ ಎಲ್ಲ ಪಡೆಗಳಿಗೂ ಶಿಫಾರಸು ಮಾಡಿದನು. ನಿಯಮಗಳು ಬರಬರುತ್ತ ಬೆಳೆದು ಆಡುವವರಿಗೆ ಭಾರವಾದುವು. ಆಗ ವೆರ್ದಿ ದು ವೆರ್ನ್ವಾ ಎಂಬ ಸೇನಾನಿಯು ೧೮೭೬ರಲ್ಲಿ ಕೋಷ್ಟಕಗಳನ್ನೂ ದಾಳಗಳನ್ನೂ ಬದಿಗೊತ್ತಿ ಅನುಭವಸ್ಥನಾದ ಮಧ್ಯಸ್ಥನ ವಿವೇಚನೆಗೇ ನಿರ್ಣಯವನ್ನು ಬಿಡಬೇಕೆಂದು ವಾದಿಸಿದನು. ಶಬ್ದವೇ ಪ್ರಮಾಣವೋ, ಆಪ್ತನ ಬುದ್ಧಿಯೇ ಪ್ರಮಾಣವೋ ಎಂಬ ಈ ವಿವಾದವು ಪಾತ್ರಕ್ರೀಡೆಯವರಲ್ಲಿ ಇಂದಿಗೂ ಶಮನವಾಗಿಲ್ಲ.

ಇಲ್ಲಿಂದ ಮುಂದಿನ ಕೊಂಡಿ ಸ್ವಾರಸ್ಯವುಳ್ಳದ್ದು. ಅಮೆರಿಕಾದ ಸೈನ್ಯಾಧಿಕಾರಿ ಚಾರಲ್ಸ್ ಟಾಟನ್ ಎಂಬವನು ಪ್ರಷ್ಯಾದ ಕ್ರೀಡೆಯನ್ನನುಸರಿಸಿ ‘ಸ್ಟ್ರಾಟಿಗೋಸ್’ ಎಂಬ ಪುಸ್ತಕವನ್ನು ೧೮೮೦ರಲ್ಲಿ ಪ್ರಕಟಿಸಿದ್ದನು. ಸುಮಾರು ತೊಂಬತ್ತು ವರ್ಷ ಕಳೆದ ಮೇಲೆ ಡೇವಿಡ್ ವೆಸ್ಲಿ ಎಂಬ ಯುವಕನು ಮಿನ್ನೆಸೋಟ ವಿಶ್ವವಿದ್ಯಾಲಯದ ಪುಸ್ತಕಭಂಡಾರದಲ್ಲಿ ಅದನ್ನು ಕಂಡನು. ಆಡುವವನು ಯಾವ ಪ್ರಯತ್ನವನ್ನಾದರೂ ಮಾಡಬಹುದು, ಫಲವನ್ನು ಮಧ್ಯಸ್ಥನು ತೀರ್ಮಾನಿಸಬೇಕು ಎಂಬ ಅದರ ತತ್ತ್ವವನ್ನು ಹಿಡಿದು ವೆಸ್ಲಿಯು ೧೯೬೯ರಲ್ಲಿ ‘ಬ್ರೌನ್‌ಸ್ಟೈನ್’ ಎಂಬ ಆಟವನ್ನಾಡಿಸಿದನು. ಅದರಲ್ಲಿ ಒಬ್ಬೊಬ್ಬ ಆಟಗಾರನಿಗೂ ಸೈನ್ಯಕ್ಕೆ ಬದಲಾಗಿ ಒಬ್ಬೊಬ್ಬ ವ್ಯಕ್ತಿಯ ಪಾತ್ರ ದೊರೆಯಿತು. ಯಾರೂ ಓದದೆ ಬಹುಕಾಲ ಕಪಾಟಿನಲ್ಲಿ ಬಿದ್ದಿದ್ದ ಪ್ರತಿಯೊಂದು ಹೊಸ ಕಲೆಗೆ ಬೀಜವಾದದ್ದು ಹೀಗೆ. ಪುಸ್ತಕಭಂಡಾರದವರು ಅನುಪಯುಕ್ತವೆಂದು ಅದನ್ನು ತೆಗೆದುಹಾಕಿದ್ದರೆ ಈ ಲೇಖನಕ್ಕೆ ವಸ್ತುವೇ ಇರುತ್ತಿರಲಿಲ್ಲ.

ಬ್ರೌನ್‌ಸ್ಟೈನಿನಲ್ಲಿ ಆಡಿದ್ದವರ ಪೈಕಿ ಡೇವ್ ಆರ್ನಿಸನ್ ಎಂಬವನು ಮಾಂತ್ರಿಕರೂ ಭೂತಗಳೂ ಸುರಂಗಗಳೂ ಉಳ್ಳ ‘ಬ್ಲಾಕ್‌ಮೂರ್’ ಎಂಬ ಕಲ್ಪಿತ ದೇಶದಲ್ಲಿ ಆಟವನ್ನು ಮುಂದುವರಿಸಿದನು. ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವಾ ಎಂಬ ಊರಿನಲ್ಲಿದ್ದ ಗ್ಯಾರಿ ಗೈಗ್ಯಾಕ್ಸನು ಜೆಫ್ ಪೆರೆನ್ ಎಂಬವನೊಡನೆ ೧೯೭೧ರಲ್ಲಿ ‘ಚೈನ್‌ಮೇಲ್’ ಎಂಬ ಮಧ್ಯಯುಗದ ಯುದ್ಧಕ್ರೀಡೆಯ ನಿಯಮಗಳನ್ನು ಪ್ರಕಟಿಸಿದ್ದನು. ಆರ್ನಿಸನ್ ಗೈಗ್ಯಾಕ್ಸರ ಸಹಯೋಗದಿಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಕೃತಿ ೧೯೭೪ರ ಆದಿಯಲ್ಲಿ ಹೊರಬಿದ್ದಿತು. ಮೂರು ಸಣ್ಣ ಪುಸ್ತಿಕೆಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಹತ್ತು ಡಾಲರಿಗೆ ಮಾರಿದರು. ಮೊದಲ ಮುದ್ರಣದ ೧೦೦೦ ಪ್ರತಿಗಳು ವರ್ಷದೊಳಗೆ ತೀರಿದುವು. ಕರ್ತೃತ್ವದ ವಿಷಯವಾಗಿ ಇಬ್ಬರಿಗೂ ಮನಸ್ತಾಪ ಬೆಳೆದು ಆರ್ನಿಸನ್ನನು ೧೯೭೯ರಲ್ಲಿ ವ್ಯಾಜ್ಯ ಹೂಡಿದನು. ಅದು ೧೯೮೧ರಲ್ಲಿ ರಾಜಿಯಾಯಿತು. ಯಾವ ಅಂಶ ಯಾರದೆಂಬ ಚರ್ಚೆಯನ್ನು ಇಲ್ಲಿ ಬೆಳೆಸುವುದು ಅನಗತ್ಯ.

ಪಾಠಾಂತರಗಳ ದೃಷ್ಟಿಯಿಂದ ಆ ಮೊದಲ ಮುದ್ರಣವು ಗಮನಾರ್ಹವಾದದ್ದು. ಅದರಲ್ಲಿ ಆಂಗ್ಲ ಕಾದಂಬರಿಕಾರ ಟಾಲ್ಕಿನ್ನನ ‘ಹಾಬಿಟ್’, ‘ಎಂಟ್’ ಮೊದಲಾದ ಜಾತಿಗಳು ಹೆಸರು ಸಹಿತವಾಗಿಯೇ ಇದ್ದುವು. ಆ ಹೆಸರುಗಳ ಹಕ್ಕುಳ್ಳವರು ಆಕ್ಷೇಪಿಸಲಾಗಿ ಅನಂತರದ ಮುದ್ರಣಗಳಲ್ಲಿ ಹಾಬಿಟ್ ಎಂಬುದು ‘ಹಾಫ್‌ಲಿಂಗ್’ ಎಂತಲೂ, ಎಂಟ್ ಎಂಬುದು ‘ಟ್ರೀಯೆಂಟ್’ ಎಂತಲೂ ಮಾರ್ಪಟ್ಟುವು. ೧೯೭೭ರಲ್ಲಿ ಪ್ರಕಟವಾದ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಎಂಬ ಭೂತಕೋಶದಲ್ಲಿ ನಮ್ಮ ರಾಕ್ಷಸನಿಗೂ ಸ್ಥಳ ದೊರೆತಿದೆ. ಆದರೆ ಅಲ್ಲಿಯ ಚಿತ್ರದಲ್ಲಿ ಅವನಿಗೆ ಹುಲಿಯ ತಲೆ. ಅಭಿಮಂತ್ರಿಸಿದ ಬಾಣವು ತಗುಲಿದೊಡನೆ ಅವನಿಗೆ ಮರಣ. ವಾಲ್ಮೀಕಿಯನ್ನೋದಿದವರು ಕಾಮರೂಪಿಗಳಾದ ರಾಕ್ಷಸರಿಗೆ ಹುಲಿಯ ಮುಖವು ಅಸಂಭವವಲ್ಲವೆಂದು ಸಮಾಧಾನಪಟ್ಟುಕೊಂಡರೂ, ಅದೊಂದೇ ನಿಯತರೂಪವಾಗಿ ಅರ್ಧ ಶತಮಾನ ನಿಂತುಹೋದದ್ದಕ್ಕೆ ಬೆರಗಾಗದೆ ಇರಲಾರರು. ಒಂದು ಗ್ರಂಥದ ಒಂದು ಚಿತ್ರಕ್ಕೆ ಇಷ್ಟು ಶಕ್ತಿಯಿದೆ.

ಇನ್ನು ಸ್ವಾಮ್ಯದ ವಿಚಾರ. ಅಮೆರಿಕಾದ ಪರಮೋಚ್ಚ ನ್ಯಾಯಸ್ಥಾನವು ೧೮೭೯ರ ವ್ಯವಹಾರವೆಂದು ಉಲ್ಲೇಖಿಸಲ್ಪಡುವ ಬೇಕರ್–ಸೆಲ್ಡನ್ ವ್ಯಾಜ್ಯದಲ್ಲಿ ಒಂದು ಮುಖ್ಯ ಸಿದ್ಧಾಂತವನ್ನು ಸ್ಥಾಪಿಸಿತು. ಲೆಕ್ಕವಿಡುವ ಒಂದು ಹೊಸ ಪದ್ಧತಿಯನ್ನು ವಿವರಿಸಿದ ಪುಸ್ತಕಕ್ಕೆ ಗ್ರಂಥಸ್ವಾಮ್ಯ ಉಂಟು. ಆದರೆ ಆ ಪದ್ಧತಿಗೆ ಅದರಿಂದ ಸ್ವಾಮ್ಯ ಬರುವುದಿಲ್ಲ ಎಂಬುದೇ ಆ ಸಿದ್ಧಾಂತ. ಶಬ್ದವು ಕರ್ತೃವಿನದು, ಅರ್ಥವು ಲೋಕದ್ದು ಎಂದು ಇದನ್ನು ಸಂಗ್ರಹಿಸಬಹುದು. ಆಟದ ನಿಯಮಗಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಆದರೂ ಪಾತ್ರಕ್ರೀಡೆಯ ನಿಯಮಗ್ರಂಥದಲ್ಲಿ ಶಬ್ದ ಎಲ್ಲಿ ಮುಗಿದು ಅರ್ಥ ಎಲ್ಲಿ ಮೊದಲಾಗುವುದೆಂದು ಗೆರೆಯೆಳೆಯುವುದು ಸುಲಭವಲ್ಲ. ಮಂತ್ರಗಳ ಹೆಸರು, ಭೂತಗಳ ವರ್ಣನೆ, ಕಲ್ಪಿತ ದೇಶಗಳ ಕಥೆ ಇವೆಲ್ಲವೂ ಅದರಲ್ಲಿ ಹೆಣೆದುಕೊಂಡಿವೆ. ಈ ಸಂದಿಗ್ಧವೇ ಕಲಹಕ್ಕೆ ಕಾರಣವಾಯಿತು. ಮೂಲ ಪ್ರಕಾಶಕರಾದ ಟಿ. ಎಸ್. ಆರ್. ಸಂಸ್ಥೆಯವರು ೧೯೯೪ರ ಸುಮಾರಿನಲ್ಲಿ, ಅಂತರ್ಜಾಲದಲ್ಲಿ ಆಟಗಾರರು ಸ್ವಂತವಾಗಿ ಬರೆದು ಹಂಚಿಕೊಳ್ಳುತ್ತಿದ್ದ ಸಾಮಗ್ರಿಯನ್ನು ಕೂಡ ತಮ್ಮ ಅನುಮತಿಯುಳ್ಳ ಒಂದೇ ಸ್ಥಾನದಲ್ಲಿಡಬೇಕೆಂದು ಒತ್ತಾಯಪಡಿಸಿ ಬಹುಜನರ ವಿರೋಧವನ್ನು ಕಟ್ಟಿಕೊಂಡರು.

ಆ ಸಂಸ್ಥೆಯು ದುಃಸ್ಥಿತಿಗಿಳಿದು ೧೯೯೭ರಲ್ಲಿ ‘ವಿಜರ್ಡ್ಸ್ ಆಫ್ ದಿ ಕೋಸ್ಟ್’ ಎಂಬ ಸಂಸ್ಥೆಯ ವಶವಾಯಿತು. ೧೯೯೯ರಲ್ಲಿ ಇದನ್ನು ಹ್ಯಾಸ್‌ಬ್ರೋ ಎಂಬ ದೊಡ್ಡ ಸಂಸ್ಥೆಯು ಕೊಂಡಿತು. ೨೦೦೦ದಲ್ಲಿ ಮೂರನೆಯ ಆವೃತ್ತಿಯೊಡನೆ ನೀತಿಯು ಬುಡಮೇಲಾಯಿತು. ಸಂಸ್ಥೆಯ ಉಪಾಧ್ಯಕ್ಷನಾಗಿದ್ದ ರಯನ್ ಡಾನ್ಸಿಯ ಪ್ರೇರಣೆಯಿಂದ ‘ಓಪನ್ ಗೇಮ್ ಲೈಸೆನ್ಸ್’ ಎಂಬ ಅನುಮತಿಪತ್ರ ಹೊರಟಿತು. ನಿಯಮಗಳ ಸಾರವನ್ನು ಮಾತ್ರ ತೆಗೆದು ‘ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್’ ಎಂಬ ಆಕರಪಾಠವನ್ನು ಸಿದ್ಧಪಡಿಸಿ, ಅನುಮತಿಪತ್ರದ ಷರತ್ತುಗಳಿಗೊಳಪಟ್ಟು ಯಾರು ಬೇಕಾದರೂ ಅದನ್ನು ನಕಲು ಮಾಡಬಹುದು, ತಿದ್ದಬಹುದು, ಮಾರಬಹುದು ಎಂದು ಸಾರಿದರು. ಈ ಆಕರಪಾಠವು ಮೂಲದ ಸಂಕ್ಷೇಪವೆನ್ನುವುದಕ್ಕಿಂತ ಶೋಧಿತ ಪಾಠವೆನ್ನುವುದು ಯುಕ್ತ. ಸಂಸ್ಥೆಯವರು ತಮ್ಮ ವಿಶೇಷ ಸ್ವತ್ತೆಂದು ಭಾವಿಸಿದ ‘ಬಿಹೋಲ್ಡರ್’, ‘ಮೈಂಡ್ ಫ್ಲೇಯರ್’ ಮುಂತಾದ ಭೂತಗಳನ್ನು ಅದರಲ್ಲಿ ಸೇರಿಸಲಿಲ್ಲ. ಮಂತ್ರಗಳ ಹೆಸರಿನಿಂದ ಋಷಿನಾಮಗಳನ್ನು ಕಿತ್ತುಹಾಕಿದರು. ‘ಮೆಲ್ಫನ ಆಮ್ಲಬಾಣ’ ಎಂಬ ಅರ್ಥದ ಮಂತ್ರವು ಬರಿಯ ‘ಆಮ್ಲಬಾಣ’ವಾಯಿತು, ‘ಟೆನ್ಸರನ ತೇಲುಫಲಕ’ವು ಬರಿಯ ‘ತೇಲುಫಲಕ’ವಾಯಿತು. ರಾಕ್ಷಸನನ್ನು ಮಾತ್ರ ಬಿಡಲಿಲ್ಲ. ಅವನು ಯಾರ ಸ್ವತ್ತೂ ಅಲ್ಲವಷ್ಟೆ!

ಈ ಅನುಮತಿಯ ಬಲದಿಂದ ಆಕರಪಾಠವನ್ನು ಅಕಾರಾದಿಯಾಗಿ ಜೋಡಿಸಿ, ಪದದಿಂದ ಪದಕ್ಕೆ ಹಾರುವ ಕೊಂಡಿಗಳನ್ನಿಟ್ಟು, ಹುಡುಕುವ ಸೌಕರ್ಯವನ್ನೂ ಕಲ್ಪಿಸಿದ ಜಾಲತಾಣಗಳು ಹುಟ್ಟಿದುವು. ನಾಲ್ಕು ಮಂದಿ ಕಾಯುತ್ತಿರುವಾಗ ಮಧ್ಯಸ್ಥನು ಮೂರು ಪುಸ್ತಕಗಳನ್ನು ತಿರುವುವುದು ತಪ್ಪಿತು. ಅನುಮತಿಪತ್ರದ ಮೇಲೆಯೇ ೨೦೦೯ರಲ್ಲಿ ಪೈಜೋ ಎಂಬ ಸಂಸ್ಥೆಯವರು ‘ಪಾತ್‌ಫೈಂಡರ್’ ಎಂಬ ಪ್ರತಿಸ್ಪರ್ಧಿ ಕ್ರೀಡೆಯನ್ನು ಕಟ್ಟಿದರು. ಒಂದು ಶಾಖೆಯನ್ನು ಮೂಲದವರು ಕೈಬಿಟ್ಟರೂ ಅದು ಬೇರೆಡೆಯಲ್ಲಿ ಬೇರೂರಿ ಬೆಳೆಯಬಹುದೆಂಬುದಕ್ಕೆ ಇದು ಪ್ರತ್ಯಕ್ಷ ಪ್ರಮಾಣ.

ಆದರೆ ಅನುಮತಿಗೊಳಪಡದ ಪುಸ್ತಕಗಳ ಪಾಡೇನು? ೨೦೦೯ರ ಏಪ್ರಿಲಿನಲ್ಲಿ ಸಂಸ್ಥೆಯವರು ಕಳ್ಳಪ್ರತಿಗಳ ನೆಪದಿಂದ ತಮ್ಮ ಎಲ್ಲ ಪುಸ್ತಕಗಳ ವಿದ್ಯುತ್ಪ್ರತಿಗಳ ಮಾರಾಟವನ್ನು ಒಮ್ಮೆಗೇ ನಿಲ್ಲಿಸಿದರು. ಹಳೆಯ ಪುಸ್ತಕಗಳು ಆ ರೂಪದಲ್ಲಿ ಮತ್ತೆ ಮಾರಾಟಕ್ಕೆ ಬಂದದ್ದು ೨೦೧೩ರಲ್ಲಿ. ೨೦೧೦ರಲ್ಲಿ ನಾಲ್ಕನೆಯ ಆವೃತ್ತಿಯ ಪಾತ್ರರಚನೆಯ ಸಾಧನವನ್ನು ಮನೆಯ ಯಂತ್ರದಿಂದ ತೆಗೆದು ತಮ್ಮ ಜಾಲತಾಣಕ್ಕೆ ಸಾಗಿಸಿದರು. ಅದು ನಿಂತಿದ್ದ ‘ಸಿಲ್ವರ್‌ಲೈಟ್’ ಎಂಬ ತಂತ್ರವು ಕ್ಷೀಣಿಸಲಾಗಿ, ೨೦೨೦ರ ಆದಿಯಲ್ಲಿ ಆ ಸಾಧನಗಳನ್ನೆಲ್ಲ ಮುಚ್ಚಿದರು. ವರ್ಷವರ್ಷವೂ ಚಂದಾ ತೆತ್ತವರ ಕೈಯಲ್ಲಿ ಏನೂ ಉಳಿಯಲಿಲ್ಲ. ಅಚ್ಚಿನ ಪುಸ್ತಕವು ಪ್ರಕಾಶಕನು ಮನಸ್ಸು ಬದಲಾಯಿಸಿದರೂ ಕಪಾಟಿನಿಂದಿಳಿದು ಹೋಗುವುದಿಲ್ಲ. ದೂರದ ಯಂತ್ರದಲ್ಲಿರುವ ಪಾಠಕ್ಕೆ ಆ ಸ್ಥೈರ್ಯವಿಲ್ಲ. ೨೦೧೭ರಲ್ಲಿ ಪ್ರಾರಂಭವಾಗಿ ಕೈಯಿಂದ ಕೈಗೆ ಹೋಗಿ ೨೦೨೨ರಲ್ಲಿ ಹ್ಯಾಸ್‌ಬ್ರೋ ಸಂಸ್ಥೆಯ ಪಾಲಾದ ‘ಡಿ ಅಂಡ್ ಡಿ ಬಿಯಾಂಡ್’ ಎಂಬ ತಾಣದವರು ೨೦೨೪ರ ಆಗಸ್ಟಿನಲ್ಲಿ, ಆಟಗಾರರ ಪಾತ್ರಪತ್ರಗಳಲ್ಲಿದ್ದ ೨೦೧೪ರ ಮಂತ್ರಗಳ ಸ್ಥಾನದಲ್ಲಿ ಹೊಸ ಪಾಠವನ್ನೇ ಇಡುವುದಾಗಿ ಪ್ರಕಟಿಸಿ, ಗದ್ದಲವೆದ್ದ ಮೇಲೆ ಹಿಂದೆಗೆದರು. ಲಿಪಿಕಾರನು ಎಲ್ಲೆಲ್ಲಿಯೂ ಇರುವ ಎಲ್ಲ ಪ್ರತಿಗಳನ್ನೂ ಒಂದೇ ರಾತ್ರಿಯಲ್ಲಿ ತಿದ್ದಬಲ್ಲನಾಗಿದ್ದರೆ ಪಾಠಸಂಪಾದನೆಯೆಂಬ ಶಾಸ್ತ್ರವೇ ಹುಟ್ಟುತ್ತಿರಲಿಲ್ಲ. ಹಳೆಯ ಪಾಠವೊಂದಿತ್ತೆಂಬುದೇ ತಿಳಿಯುತ್ತಿರಲಿಲ್ಲ.

ಇವೆಲ್ಲಕ್ಕಿಂತಲೂ ದೊಡ್ಡ ಕ್ಷೋಭೆ ೨೦೨೩ರ ಜನವರಿಯದು. ೨೦೦೦ದ ಅನುಮತಿಪತ್ರದ ನಾಲ್ಕನೆಯ ಪ್ರಕರಣದಲ್ಲಿ ಅನುಮತಿಯು ‘ಶಾಶ್ವತ’ವೆಂದಿದೆ, ‘ಹಿಂದೆಗೆಯಲಾಗದ್ದು’ ಎಂದಿಲ್ಲ. ಒಂಬತ್ತನೆಯ ಪ್ರಕರಣದಲ್ಲಿ ಆ ಪತ್ರದ ‘ಅಧಿಕೃತ’ವಾದ ಯಾವ ಆವೃತ್ತಿಯನ್ನಾದರೂ ಅವಲಂಬಿಸಬಹುದೆಂದಿದೆ. ಇಪ್ಪತ್ತೆರಡು ವರ್ಷಗಳ ತರುವಾಯ ಸಂಸ್ಥೆಯವರು ಸಿದ್ಧಪಡಿಸಿದ ಹೊಸ ಪತ್ರದ ಕರಡು ಬಯಲಾಯಿತು. ಹಳೆಯ ಪತ್ರವು ಇನ್ನು ಮೇಲೆ ‘ಅಧಿಕೃತ’ವಲ್ಲವೆಂಬ ಮಾತು ಅದರಲ್ಲಿತ್ತು. ವಿಶೇಷಣವೊಂದರ ಮೇಲೆ ಸಹಸ್ರಾರು ಜನರ ಜೀವನೋಪಾಯ ತೂಗಾಡಿತು. ಪೂರ್ವಪಕ್ಷದವರ ವಾದವೇನೆಂದರೆ, ಅಧಿಕಾರ ಕೊಟ್ಟವನಿಗೆ ಅದನ್ನು ತೆಗೆಯುವ ಅಧಿಕಾರವೂ ಉಂಟು, ಶಾಶ್ವತವೆಂದರೆ ಕಾಲದ ಮಿತಿಯಿಲ್ಲವೆಂದಷ್ಟೇ ಹೊರತು ಅಚಲವೆಂದಲ್ಲ, ಎಂಬುದು. ಇದಕ್ಕೆ ಉತ್ತರ: ಪದದ ಅರ್ಥವನ್ನು ಉಪಕ್ರಮೋಪಸಂಹಾರಗಳಿಂದಲೂ ಕರ್ತೃವಿನ ಸಮಕಾಲೀನ ವ್ಯಾಖ್ಯಾನದಿಂದಲೂ ಗ್ರಹಿಸಬೇಕು. ಮುಂದೆ ಪತ್ರವನ್ನು ಬದಲಾಯಿಸಿದರೂ ಒಪ್ಪಿಗೆಯಾಗದವರು ಹಿಂದಿನದನ್ನೇ ಅನುಸರಿಸಬಹುದೆಂದು ಸಂಸ್ಥೆಯವರೇ ತಮ್ಮ ಪ್ರಶ್ನೋತ್ತರಗಳಲ್ಲಿ ಹಿಂದೆ ಬರೆದಿದ್ದರು. ಹಿಂದೆಗೆಯುವ ಉದ್ದೇಶವಿರಲಿಲ್ಲವೆಂದು ಡಾನ್ಸಿಯೂ ಸಾಕ್ಷ್ಯ ನುಡಿದನು. ನ್ಯಾಯಸ್ಥಾನದವರೆಗೆ ಹೋಗದ ಕಾರಣ ಈ ವಾಕ್ಯಾರ್ಥವು ತೀರ್ಪನ್ನು ಪಡೆಯಲಿಲ್ಲ. ಆದರೂ ಎರಡನೆಯ ಪಕ್ಷವೇ ಬಲವತ್ತರವೆಂದು ತೋರುತ್ತದೆ. ಸಮಕಾಲೀನ ವ್ಯಾಖ್ಯಾನವನ್ನು ತಳ್ಳಿ ಬರಿಯ ಪದವನ್ನು ಹಿಂಜುವುದು ಶಬ್ದಾರ್ಥನಿರ್ಣಯದ ಸರಿಯಾದ ಮಾರ್ಗವಲ್ಲ. ಜನಾಭಿಪ್ರಾಯವನ್ನು ಸಂಸ್ಥೆಯವರು ಕೇಳಲು ೧೫,೦೦೦ಕ್ಕೂ ಮಿಕ್ಕು ಉತ್ತರಗಳು ಬಂದು, ನೂರಕ್ಕೆ ೮೯ ಮಂದಿ ಹಳೆಯ ಪತ್ರದ ರದ್ದತಿಯನ್ನು ವಿರೋಧಿಸಿದರು. ಜನವರಿ ೨೭ರಂದು ಸಂಸ್ಥೆಯವರು ಹಳೆಯ ಪತ್ರವನ್ನು ಮುಟ್ಟುವುದಿಲ್ಲವೆಂದು ತಿಳಿಸಿ, ಐದನೆಯ ಆವೃತ್ತಿಯ ೪೦೩ ಪುಟಗಳ ಆಕರಪಾಠವನ್ನು ‘ಕ್ರಿಯೇಟಿವ್ ಕಾಮನ್ಸ್’ ಎಂಬ ಸಾರ್ವಜನಿಕ ಅನುಮತಿಯಡಿಯಲ್ಲಿಯೂ ಪ್ರಕಟಿಸಿದರು. ಈ ಎರಡನೆಯ ಅನುಮತಿಯಲ್ಲಿ ‘ಹಿಂದೆಗೆಯಲಾಗದ್ದು’ ಎಂಬ ಪದ ಸ್ಪಷ್ಟವಾಗಿಯೇ ಇದೆ.

ಹಕ್ಕು ದೊರೆತರೆ ಸಾಲದು, ಪ್ರತಿಯೂ ಕೈಯಲ್ಲಿರಬೇಕು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಉಳಿದುಬಂದ ಧವಲಾ ಟೀಕೆಯು ೧೯೩೯ರಿಂದ ಅಚ್ಚಾಗತೊಡಗುವವರೆಗೂ ವಿದ್ವಾಂಸರಿಗೆ ಎಷ್ಟು ದುರ್ಲಭವಾಗಿದ್ದಿತೆಂಬುದನ್ನು ನೆನೆದರೆ, ಒಂದೇ ಸ್ಥಾನದಲ್ಲಿ ಗ್ರಂಥವಿರುವುದರ ಗುಣವೂ ದೋಷವೂ ಒಟ್ಟಿಗೆ ಮನಸ್ಸಿಗೆ ಬರುವುವು. ಪಾತ್ರಕ್ರೀಡೆಯವರಲ್ಲಿ ವಿಚಾರಪರರು ಆಕರತಾಣದ ಪ್ರತಿಯೊಂದನ್ನು ತಮ್ಮ ಮನೆಯ ಯಂತ್ರದಲ್ಲಿಯೇ ಸ್ಥಾಪಿಸಿಕೊಳ್ಳತೊಡಗಿದುದಕ್ಕೆ ಇದೇ ಪ್ರೇರಣೆ. ಅದಕ್ಕೆ ಅವರು ಹಿಡಿದಿರುವ ಉಪಾಯವು ಕಂಟೈನರು.

ಕಂಟೈನರೆಂಬ ಹೆಸರು ಹಡಗುಗಳಿಂದ ಬಂದಿತು. ಮಾಲ್ಕಂ ಮೆಕ್ಲೀನ್ ಎಂಬವನು ೧೯೫೬ರ ಏಪ್ರಿಲ್ ೨೬ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗಿನಲ್ಲಿ ೫೮ ಪೆಟ್ಟಿಗೆಗಳನ್ನು ನೂವಾರ್ಕಿನಿಂದ ಹ್ಯೂಸ್ಟನ್ನಿಗೆ ಸಾಗಿಸಿದನು. ಒಳಗಿನ ಸರಕು ಏನೇ ಇರಲಿ, ಹೊರಗಿನ ಅಳತೆ ಒಂದೇ ಆದುದರಿಂದ ಯಾವ ಬಂದರಿನಲ್ಲಿಯೂ ಒಂದೇ ಯಂತ್ರದಿಂದ ಎತ್ತಿಳಿಸಬಹುದಾಯಿತು. ಕಂಪ್ಯೂಟರಿನಲ್ಲಿ ಇದಕ್ಕೆ ಸಮಾನವಾದ ಪ್ರಯತ್ನದ ಬೀಜವು ೧೯೭೯ರ ಯುನಿಕ್ಸ್ ಏಳನೆಯ ಆವೃತ್ತಿಯ ‘ಛ್ರೂಟ್’ ಎಂಬ ಆದೇಶದಲ್ಲಿದೆ. ಒಂದು ಕಾರ್ಯಕ್ರಮಕ್ಕೆ ಕಡತಗಳ ಒಂದು ಶಾಖೆಯನ್ನೇ ಸಮಸ್ತ ಪ್ರಪಂಚವೆಂಬಂತೆ ತೋರಿಸುವುದು ಅದರ ಕೆಲಸ. ೨೦೦೦ದಲ್ಲಿ ಫ್ರೀಬಿಎಸ್‌ಡಿಯವರು ಅದನ್ನು ಬಲಪಡಿಸಿ ‘ಜೈಲ್’ ಎಂದು ಹೆಸರಿಟ್ಟರು. ಒಂದು ಗುಂಪಿನ ಕಾರ್ಯಗಳು ಎಷ್ಟು ಶಕ್ತಿಯನ್ನು ಬಳಸಬಹುದೆಂದು ಮಿತಗೊಳಿಸುವ ‘ಸೀಗ್ರೂಪ್’ ಎಂಬ ವ್ಯವಸ್ಥೆಯು ೨೦೦೮ರಲ್ಲಿ ಲಿನಕ್ಸಿನೊಳಗೆ ಸೇರಿತು. ಇವುಗಳನ್ನೆಲ್ಲ ಜೋಡಿಸಿ ಸಾಮಾನ್ಯನೂ ಬಳಸುವಂತೆ ಮಾಡಿದುದು ‘ಡಾಕರ್’. ಸಾಲೊಮನ್ ಹೈಕ್ಸನು ೨೦೧೩ರ ಮಾರ್ಚಿಯಲ್ಲಿ ಪೈಥಾನ್ ಭಾಷೆಯವರ ಸಮ್ಮೇಳನವೊಂದರಲ್ಲಿ ಐದೇ ನಿಮಿಷಗಳ ಭಾಷಣದಲ್ಲಿ ಅದನ್ನು ಪರಿಚಯಿಸಿದನು. ಆ ಪದಕ್ಕೆ ಬಂದರಿನ ಹಮಾಲಿ ಎಂದರ್ಥ. ಕನ್ನಡದ ‘ಸಂಪುಟ’ ಎಂಬ ಶಬ್ದಕ್ಕೆ ಕರಡಿಗೆಯೆಂತಲೂ ಗ್ರಂಥಭಾಗವೆಂತಲೂ ಎರಡರ್ಥಗಳಿರುವುದು ಇಲ್ಲಿ ಸ್ಮರಣೀಯ.

ಇದರ ರಚನೆ ಹೀಗೆ. ಮೊದಲು ಒಂದು ಸಣ್ಣ ವಿಧಿಪತ್ರವನ್ನು ಬರೆಯುತ್ತಾರೆ: ಇಂತಹ ತಳಹದಿಯ ಮೇಲೆ ಪುಟಗಳನ್ನೊದಗಿಸುವ ‘ಎಂಜಿನ್‌ಎಕ್ಸ್’ನಂತಹ ಸರ್ವರನ್ನು ಇಡು, ಅದರ ಮೇಲೆ ಈ ಕಡತಗಳನ್ನು ನಕಲಿಸು, ಎಂದು ಮುಂತಾಗಿ. ಕಡತಗಳನ್ನು ಸೇರಿಸುವ ಅಥವಾ ಬದಲಾಯಿಸುವ ವಿಧಿಯೊಂದೊಂದರಿಂದಲೂ ಕಡತಗಳ ಪದರವೊಂದು ಹುಟ್ಟಿ, ಪದರಗಳೆಲ್ಲ ಒಂದರ ಮೇಲೊಂದು ಕುಳಿತು ‘ಇಮೇಜ್’ ಎಂಬ ಅಚ್ಚು ಸಿದ್ಧವಾಗುತ್ತದೆ. ಅಚ್ಚನ್ನು ಚಾಲನೆಗೆ ತಂದಾಗ ಕಂಟೈನರು. ಅಚ್ಚಿಗೆ ವಿಕಾರವಿಲ್ಲ, ಚಾಲನೆಯಲ್ಲಿ ಆಗುವ ಬದಲಾವಣೆಗಳು ಮೇಲಣ ತೆಳುಪದರದಲ್ಲಿ ಮಾತ್ರ ಉಳಿದು, ಕಂಟೈನರನ್ನು ಅಳಿಸಿದೊಡನೆ ಅವೂ ಅಳಿಯುವುವು. ಆದಕಾರಣ ತಿಳಿದವರು ನಿಯಮಪಾಠವನ್ನು ಕಂಟೈನರಿನ ಹೊರಗೆ, ಯಂತ್ರದ ಒಂದು ಕೋಶದಲ್ಲಿಟ್ಟು, ‘ವಾಲ್ಯೂಮ್’ ಎಂಬ ದ್ವಾರದಿಂದ ಓದುವುದಕ್ಕೆ ಮಾತ್ರವೇ ಒಳಕ್ಕೆ ತೋರಿಸುತ್ತಾರೆ. ತಮ್ಮ ಗೋಷ್ಠಿಯ ಟಿಪ್ಪಣಿಗಳನ್ನು ಬೇರೊಂದು ಕೋಶದಲ್ಲಿಡುತ್ತಾರೆ. ಮೂಲವೂ ಟಿಪ್ಪಣಿಯೂ ಬೆರೆಯದಂತೆ ನೋಡಿಕೊಳ್ಳುವುದು ಎಷ್ಟು ಮುಖ್ಯವೆಂಬುದನ್ನು, ಪ್ರಕ್ಷೇಪಗಳೊಡನೆ ಹೋರಾಡಿದ ಸಂಪಾದಕರಿಗೆ ಹೇಳಬೇಕಾದುದಿಲ್ಲ. ಕಂಟೈನರಿನ ೮೦ನೆಯ ದ್ವಾರವನ್ನು ಯಂತ್ರದ ೮೦೮೦ನೆಯ ದ್ವಾರಕ್ಕೆ ಸೇರಿಸಿದರೆ ಮನೆಯೊಳಗಿನ ಯಾವ ಕೈಯಂತ್ರದಿಂದಲೂ ತಾಣವನ್ನು ತೆರೆಯಬಹುದು. ೨೦೧೨ರಿಂದ ದೊರೆಯುತ್ತಿರುವ ‘ರಾಸ್‌ಬೆರಿ ಪೈ’ ಎಂಬ ಅಂಗೈಯಗಲದ ಯಂತ್ರವೂ ಇದಕ್ಕೆ ಸಾಕು.

ಅಚ್ಚುಗಳ ಗುರುತಿನ ಕ್ರಮವು ಈ ಪತ್ರಿಕೆಯ ಓದುಗರಿಗೆ ವಿಶೇಷವಾಗಿ ರುಚಿಸೀತು. ಅಚ್ಚಿಗೆ ‘ಟ್ಯಾಗ್’ ಎಂಬ ಹೆಸರನ್ನಿಡಬಹುದು. ‘ಲೇಟೆಸ್ಟ್’ ಎಂಬುದು ಸರ್ವಸಾಮಾನ್ಯವಾದ ಹೆಸರು. ಆದರೆ ಹೆಸರು ಚಂಚಲ. ಇಂದು ಒಂದು ಅಚ್ಚನ್ನು ತೋರಿಸಿ ನಾಳೆ ಇನ್ನೊಂದನ್ನು ತೋರಿಸಬಹುದು. ಅಚ್ಚಿನ ಒಳಗಿನ ಪದಾರ್ಥದಿಂದಲೇ ಗಣಿಸಿ ಪಡೆದ ೬೪ ಚಿಹ್ನೆಗಳ ‘ಡೈಜೆಸ್ಟ್’ ಎಂಬ ಸಂಖ್ಯೆಯೊಂದುಂಟು. ಒಂದು ಅಕ್ಷರ ಬದಲಾದರೂ ಅದು ಸಂಪೂರ್ಣ ಭಿನ್ನವಾಗುತ್ತದೆ. ಹಳೆಯ ಲಿಪಿಕಾರರು ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥವೆಂದೆಣಿಸಿ ಓಲೆಯ ಕಡೆಯಲ್ಲಿ ಗ್ರಂಥಸಂಖ್ಯೆಯನ್ನು ಬರೆಯುತ್ತಿದ್ದ ಪದ್ಧತಿಗೂ ಇದಕ್ಕೂ ಉದ್ದೇಶ ಒಂದೇ. ಗ್ರಂಥಸಂಖ್ಯೆಯಿಂದ ಲೋಪವನ್ನೂ ಆಧಿಕ್ಯವನ್ನೂ ಕಂಡುಹಿಡಿಯಬಹುದೇ ಹೊರತು ಸಮಾನಾಕ್ಷರಗಳ ವ್ಯತ್ಯಾಸವನ್ನು ಹಿಡಿಯಲಾಗದು. ಡೈಜೆಸ್ಟಿನಿಂದ ಅದನ್ನೂ ಹಿಡಿಯಬಹುದು. ಹೆಸರಿಗೆ ಬದಲು ಈ ಸಂಖ್ಯೆಯಿಂದಲೇ ಅಚ್ಚನ್ನು ಕರೆಯುವವನಿಗೆ ಪಾಠವು ತಾನರಿಯದೆ ಮಾರ್ಪಡುವುದೆಂಬ ಭಯವಿಲ್ಲ.

ಇಷ್ಟರಿಂದ ಕಂಟೈನರು ಅಮೃತಕಲಶವೆಂದು ಭಾವಿಸಲಾಗದು. ಅಚ್ಚುಗಳು ಸಾಮಾನ್ಯವಾಗಿ ‘ಡಾಕರ್ ಹಬ್’ ಎಂಬ ಇನ್ನೊಬ್ಬರ ಉಗ್ರಾಣದಿಂದಲೇ ಬರುತ್ತವೆ. ಆ ಸಂಸ್ಥೆಯವರು ೨೦೨೦ರ ನವೆಂಬರಿನಲ್ಲಿ ಹೆಸರು ನೋಂದಾಯಿಸದವರಿಗೆ ಆರು ಗಂಟೆಗಳಿಗೆ ೧೦೦ ಸಲವೆಂದು ಮಿತಿಯಿಟ್ಟರು. ೨೦೨೩ರ ಮಾರ್ಚಿಯಲ್ಲಿ, ಎಂದರೆ ಆಟದ ಅನುಮತಿಪತ್ರದ ಕೋಲಾಹಲವಡಗಿದ ಎರಡೇ ತಿಂಗಳಿಗೆ, ಗುಂಪುಗಳಿಗೆ ಕೊಟ್ಟಿದ್ದ ಉಚಿತ ಸೌಕರ್ಯವನ್ನು ನಿಲ್ಲಿಸುವುದಾಗಿ ಸಾರಿ, ಕೆಲವೇ ದಿನಗಳಲ್ಲಿ ಅದನ್ನು ಹಿಂದೆಗೆದರು. ಒಡೆಯನು ಬೇರೆಯಾದರೂ ಸ್ವಭಾವವೊಂದೇ. ಆದುದರಿಂದ ಅಚ್ಚನ್ನೇ ಒಂದು ಕಡತವಾಗಿ ತೆಗೆದು ಬೇರೆ ಡಿಸ್ಕಿನಲ್ಲಿಡುವುದು ಆವಶ್ಯಕ. ಮತ್ತೊಂದು ದೋಷವೆಂದರೆ, ಅಚ್ಚಿನೊಳಗಿನ ಸರ್ವರು ಹಳೆಯದಾದಂತೆ ಅದರ ರಂಧ್ರಗಳು ಲೋಕಪ್ರಸಿದ್ಧವಾಗುತ್ತವೆ. ಮನೆಯೊಳಗಿನ ಬಳಕೆಗೆ ಇದರಿಂದ ಅಪಾಯ ಅಲ್ಪ. ಹೊರಗಿನವರಿಗೂ ತೆರೆದಿಟ್ಟಲ್ಲಿ ಆಗಿಂದಾಗ್ಗೆ ತಳಪದರವನ್ನು ಹೊಸದಾಗಿಸಿ ಅಚ್ಚನ್ನು ಮತ್ತೆ ಕಟ್ಟಬೇಕು. ಓಲೆಗೆ ಎಣ್ಣೆ ಹಚ್ಚದೆ ಕಟ್ಟಿಟ್ಟವನ ಮನೆಯಲ್ಲಿ ಉಳಿಯುವುದು ಹುಳುವೇ.

ಇನ್ನೊಂದು ಆಕ್ಷೇಪವು ಗುರುತರವಾದದ್ದು. ಹೀಗೆ ಮನೆಯಲ್ಲಿಟ್ಟುಕೊಳ್ಳುವ ತಾಣಗಳಲ್ಲಿ ಕೆಲವು, ಅನುಮತಿಯುಳ್ಳ ಆಕರಪಾಠವನ್ನು ಮೀರಿ, ಮಾರಾಟದಲ್ಲಿರುವ ಪುಸ್ತಕಗಳ ಸಮಸ್ತ ಪಾಠವನ್ನೂ ತುಂಬಿಕೊಂಡಿರುತ್ತವೆ. ಪುಸ್ತಕವನ್ನು ಕೊಂಡವನಿಗೆ ಮಾತ್ರವೆಂದು ಅವುಗಳನ್ನು ಹಂಚುವವರು ಸಮರ್ಥಿಸುವರು; ಕೊಂಡನೋ ಇಲ್ಲವೋ ಎಂದು ಕೇಳುವವರು ಯಾರೂ ಇಲ್ಲ. ಇದನ್ನು ರಕ್ಷಣೆಯೆನ್ನಲಾಗದು. ಬೇಕರ್–ಸೆಲ್ಡನ್ ನ್ಯಾಯದಂತೆ ಪದ್ಧತಿಯು ಎಲ್ಲರದಾದರೂ ಆ ಶಬ್ದಗಳನ್ನು ಬರೆದವರ ಕೂಲಿ ಅವರದೇ. ಮೇಲಾಗಿ, ನ್ಯಾಯವಾಗಿ ಕೈಗೆ ಬಂದ ೪೦೩ ಪುಟಗಳು ಆಟವನ್ನು ನಡೆಯಿಸಲು ಸಾಲದೆ ಇಲ್ಲ. ಒಡೆಯನು ಅನ್ಯಾಯವಾಗಿ ಹಿಂದೆಗೆಯಲೆಳಸಿದಾಗ ಆಟಗಾರರ ಪಕ್ಷಕ್ಕೆ ಬಲ ಬಂದದ್ದು ಅವರು ಅನುಮತಿಯ ಮೇಲೆ ನಿಂತಿದ್ದುದರಿಂದ. ಕದ್ದ ಪ್ರತಿಯ ಮೇಲೆ ನಿಂತಿದ್ದರೆ ಆ ಬಲ ಬರುತ್ತಿರಲಿಲ್ಲ.

೨೦೨೪ರಲ್ಲಿ ಪರಿಷ್ಕೃತವಾದ ನಿಯಮಗಳ ಆಕರಪಾಠವೂ ೨೦೨೫ರ ಏಪ್ರಿಲಿನಲ್ಲಿ ಅದೇ ಸಾರ್ವಜನಿಕ ಅನುಮತಿಯಡಿಯಲ್ಲಿ ಹೊರಟಿತು. ಹೊಸದು ಬಂದಿತೆಂದು ಹಳೆಯದನ್ನು ಅಳಿಸಬೇಕಾದ ನಿರ್ಬಂಧ ಮನೆಯ ಯಂತ್ರಕ್ಕಿಲ್ಲ; ಒಂದನ್ನು ೮೦೮೦ನೆಯ ದ್ವಾರದಲ್ಲಿ, ಇನ್ನೊಂದನ್ನು ೮೦೮೧ನೆಯದರಲ್ಲಿ ಇಟ್ಟು ಎರಡು ಪಾಠಗಳನ್ನೂ ಅಕ್ಕಪಕ್ಕದಲ್ಲಿ ತೆರೆದು ಹೋಲಿಸಬಹುದು. ತಾಣವನ್ನು ಇತರರೊಡನೆ ಹಂಚಿಕೊಳ್ಳುವುದಾದರೆ, ಈ ಪಾಠವು ಯಾರದು, ಯಾವ ಅನುಮತಿಯಿಂದ ಬಂದದ್ದು ಎಂಬ ಒಂದು ವಾಕ್ಯ ಅದರಲ್ಲಿ ಇರತಕ್ಕದ್ದೆಂಬುದು ಅನುಮತಿಯ ಮುಖ್ಯ ಷರತ್ತು. ಅದನ್ನು ಕೈಬಿಟ್ಟವನಿಗೆ ಹಕ್ಕು ತಾನಾಗಿಯೇ ನಿಂತುಹೋಗುತ್ತದೆ. ದ‍ೋಷವನ್ನು ಕಂಡ ಮೂವತ್ತು ದಿನಗಳೊಳಗೆ ತಿದ್ದಿಕೊಂಡಲ್ಲಿ ಮತ್ತೆ ಬರುತ್ತದೆ.